ಅಗಲವಿಲ್ಲದ ಹೊಳೆ

ಒಂದು ಹೊಳೆಗೆ ದಂಡೆ ಬೇಡವೆಂದುಕೊಳ್ಳಿ. ಹುಟ್ಟಲು ಬೆಟ್ಟ ಬೇಡ, ಸೇರಲು ಕಡಲು ಬೇಡ. ನೆಲದ ಹೊಟ್ಟೆಯೊಳಗೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಸುತ್ತುವ ಹೊಳೆ. ಒಮ್ಮೆ ದೂಡಿದರೆ ಸಾಕು, ದಣಿವೆಂಬುದೇ ಇಲ್ಲದೆ ಹರಿಯುತ್ತಲೇ ಇರುತ್ತದೆ.

ಅಂಥ ಹೊಳೆಯೊಂದನ್ನು ರಾಯಚೂರು ಸೀಮೆಯ ಬಂಡೆಗಳ ಅಡಿಯಲ್ಲಿ ಸುರಂಗ ಕೊರೆದು ಹರಿಸಿ ಒಂದು ತಲೆಮಾರು ಕಳೆದಿತ್ತು. ಸರ್ಕಾರಿ ಕಾಗದಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಜನ ಮಾತ್ರ ಉಂಗುರ ಎನ್ನುತ್ತಿದ್ದರು. ಸುರಂಗದ ಅರ್ಧದವರೆಗೆ ತುಂಬಿಸಿದ್ದ ಬೂದುಬಣ್ಣದ ದ್ರವವನ್ನು ಜಾರು ಎನ್ನುತ್ತಿದ್ದರು. ಪ್ರಯೋಗಶಾಲೆಯಲ್ಲಿ ಹುಟ್ಟಿದ ಆ ಜಾರಿಗೆ ಗೋಡೆಗೆ ಉಜ್ಜಿಕೊಳ್ಳುವುದು ಗೊತ್ತಿರಲಿಲ್ಲ, ತನಗೆ ತಾನು ಅಂಟಿಕೊಳ್ಳುವುದೂ ಗೊತ್ತಿರಲಿಲ್ಲ. ಹಗಲಲ್ಲಿ ಬಿಸಿಲಿನ ಬಲದಿಂದ ಅದನ್ನು ದೂಡುತ್ತಿದ್ದರು. ಕತ್ತಲಾದ ಮೇಲೂ ಅದೇ ಜಾರು ಚಕ್ರಗಳನ್ನು ತಿರುಗಿಸಿ ಮೂರು ತಾಲೂಕಿಗೆ ಬೆಳಕು ಕೊಡುತ್ತಿತ್ತು.

ಉಂಗುರದ ಮೇಲಿನ ಊರುಗಳಲ್ಲಿ ಕಾಲಡಿಯಿಂದ ಸದಾ ಒಂದು ಸಣ್ಣ ದನಿ ಏಳುತ್ತಿತ್ತು, ಮುಚ್ಚಿದ ಬಾಯಿಂದ ಯಾರೋ ಜೋಗುಳ ಹಾಡಿದಂತೆ. ಕೂಸುಗಳು ಅದನ್ನು ಕೇಳುತ್ತ ಮಲಗುತ್ತಿದ್ದವು. ಬೇರೆ ಸೀಮೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ನೆಲ ಸತ್ತುಹೋದಂತೆ ಅನ್ನಿಸಿ ಎಷ್ಟೋ ದಿನ ನಿದ್ದೆ ಬರುತ್ತಿರಲಿಲ್ಲ.

ನಿಯಂತ್ರಣ ಕೊಠಡಿಯೊಳಗೆ ಚಪ್ಪಲಿ ಹಾಕುವಂತಿರಲಿಲ್ಲ. ಯಂತ್ರಗಳಿಗೆ ಧೂಳು ಆಗುವುದಿಲ್ಲವೆಂದು ಎಲ್ಲರೂ ಬಾಗಿಲಲ್ಲೇ ಬಿಟ್ಟು ಬರಬೇಕು. ಗಣಿತದಲ್ಲಿ ಡಾಕ್ಟರೇಟ್ ಮುಗಿಸಿ ಆ ಚಳಿಗಾಲದಲ್ಲಷ್ಟೇ ಕೆಲಸಕ್ಕೆ ಸೇರಿದ್ದ ಹುಲಿಗೆಮ್ಮನಿಗೆ ಇದು ಇಷ್ಟವೇ ಆಗಿತ್ತು. ಬರಿಗಾಲಿಗೆ ನೆಲದ ದನಿ ಚೆನ್ನಾಗಿ ತಿಳಿಯುತ್ತಿತ್ತು. ಅಲ್ಲಿ ಕೆಲಸ ಮಾಡುವವರಲ್ಲಿ ಉಂಗುರದ ಮೇಲಿನ ಊರಲ್ಲಿ ಹುಟ್ಟಿ ಬೆಳೆದವಳು ಅವಳೊಬ್ಬಳೇ.

ಗೋಡೆಯ ತುಂಬ ಒಂದು ಪರದೆ, ಪರದೆಯ ಮೇಲೆ ಒಂದೇ ಗೆರೆ. ಉಂಗುರವನ್ನು ಒಂದು ಕಡೆ ಕತ್ತರಿಸಿ ನೂಲಿನಂತೆ ನೇರವಾಗಿ ಹಾಸಿದ್ದರು. ಗೆರೆ ಎಲ್ಲಿ ಎತ್ತರವೋ ಅಲ್ಲಿ ಜಾರು ಹೆಚ್ಚು, ಅದರ ಓಟವೂ ಹೆಚ್ಚು. ಆ ಗೆರೆ ಮುಂದೆ ಹೇಗಾಗುತ್ತದೆಂದು ಗಣಕ ಲೆಕ್ಕ ಹಾಕಿ ತೋರಿಸುತ್ತಿತ್ತು. ಸುರಂಗ ಬಹಳ ಉದ್ದ, ಬಹಳ ಸಪೂರ. ಹಾಗಾಗಿ ಅಗಲ ಎತ್ತರಗಳನ್ನು ಮರೆತು ಉದ್ದವೊಂದನ್ನೇ ಹಿಡಿದರೂ ಲೆಕ್ಕ ಸರಿಬರುತ್ತಿತ್ತು. ಒಂದೇ ಆಯಾಮದ ಮಾದರಿ ಅದು.

"ಮೇಡಂ, ಕೆಂಪು ಬಂತ್ ನೋಡ್ರಿ," ಎಂದ ಪಾಳಿಯ ಆಪರೇಟರ್ ಮೌಲಾಲಿ.

ಗೆರೆ ಒಂದು ಕಡೆ ಗೋಡೆಯಂತೆ ನೆಟ್ಟಗಾಗಿ, ಲೆಕ್ಕ ಅಲ್ಲಿಗೇ ನಿಂತು, ಪರದೆಯೆಲ್ಲ ಕೆಂಪಾಗಿತ್ತು.

"ಸಿಂಗ್ಯುಲಾರಿಟಿ," ಎಂದಳು ಹುಲಿಗೆಮ್ಮ.

"ಅದೇನಂತಾರೋ ನೀವು. ನಾವು ಕೆಂಪು ಅಂತೀವಿ. ತಡೀರಿ, ಒಂದು ಹನಿ ಅಂಟು ಹಾಕ್ತೀನಿ, ಹೋಗ್ತದ."

ಅಂಟು ಎಂದರೆ ಸಮೀಕರಣದಲ್ಲಿ ಸೇರಿಸುವ ಒಂದು ಸಣ್ಣ ಸಂಖ್ಯೆ. ದ್ರವಕ್ಕೆ ಒಂದಿಷ್ಟು ಜಿಗುಟಿದೆ, ಚೂಪಾದದ್ದನ್ನು ಅದು ಸವೆಸಿ ಮೊಂಡು ಮಾಡುತ್ತದೆ ಎಂಬ ಊಹೆ. ನೀರಿಗೆ, ಎಣ್ಣೆಗೆ, ನೆತ್ತರಿಗೆ ಆ ಜಿಗುಟು ನಿಜವಾಗಿಯೂ ಇದೆ. ಜಾರಿಗೆ ಇಲ್ಲ, ಇಲ್ಲವೆಂದೇ ಅಲ್ಲವೆ ಅದನ್ನು ತಂದು ತುಂಬಿದ್ದು. ಆದರೂ ಗಣಕ ಕೆಂಪಾದಾಗಲೆಲ್ಲ ಇವರು ಮೊದಲಿಂದ ಹೀಗೇ ಮಾಡುತ್ತ ಬಂದಿದ್ದರು. ಲೆಕ್ಕ ಒಡೆದರೆ ತಪ್ಪು ಲೆಕ್ಕದ್ದು, ಹೊಳೆಯದಲ್ಲ ಎಂಬುದು ಆ ಕೊಠಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಂಬಿಕೆ.

ಮೌಲಾಲಿ ಗುಂಡಿ ತಿರುವಿದ. ಕೆಂಪು ಹೋಯಿತು. ಗೆರೆ ಮತ್ತೆ ನುಣುಪಾದ ಗುಡ್ಡವಾಗಿ ಹರಿಯತೊಡಗಿತು.

"ಕೂಸಿಗೆ ದೃಷ್ಟಿ ತೆಗದಂಗ ನೋಡ್ರಿ," ಎಂದು ನಕ್ಕ.

"ಮೊದಲಿಂದ ಇಷ್ಟೇ ಹಾಕ್ತಿದ್ರೇನು?"

"ಅರೇ, ಮೊದಲು ಒಂದು ಚಿಟಿಕಿ ಸಾಕಾಗ್ತಿತ್ತು. ಈಗ ಚಮಚಲೇ ಹಾಕಬೇಕಾಗ್ಯಾದ. ಮಷೀನಿಗೆ ವಯಸ್ಸಾತಲ್ರಿ, ನನ್ನಂಗ."

ಹುಲಿಗೆಮ್ಮನೂ ನಕ್ಕಳು. ಆದರೆ ಆ ಚಮಚದ ಮಾತು ಅವಳ ಜೊತೆಗೇ ಬಸ್ಸು ಹತ್ತಿ ಬೆಣಚಮರಡಿಗೆ ಬಂತು.

ಬೆಣಚಮರಡಿ ಅವಳ ಊರು. ಅಕ್ಕ ದ್ಯಾಮವ್ವ ಅಲ್ಲೇ ಸಂಸಾರ ಹೂಡಿದ್ದಳು. ಅವ್ವ ಚಿಕ್ಕಂದಿನಲ್ಲೇ ಹೋದ ಮೇಲೆ ಇಬ್ಬರನ್ನೂ ಸಾಕಿದವಳು ಅಜ್ಜಿ. ಅಜ್ಜಿಯೂ ಈಗ ಇಲ್ಲ. ಹುಲಿಗೆಮ್ಮನಿಗೆ ಈ ಭೂಮಿಯ ಮೇಲೆ ನನ್ನವರು ಎಂದು ಬೆರಳು ತೋರಿಸಲು ಉಳಿದಿದ್ದವರು ಅಕ್ಕ, ಅಕ್ಕನ ಮಡಿಲಲ್ಲಿದ್ದ ಹೆಣ್ಣುಕೂಸು.

"ಬಂದ್ಯಾ ಗಣಿತದಾಕಿ? ಮೊದಲು ಕೈ ತೊಳಕೋ, ಆಮ್ಯಾಲ ಮುಟ್ಟು," ಎಂದಳು ದ್ಯಾಮವ್ವ. ಕೂಸಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. "ಒಂದು ಕೆಲಸ ಮಾಡ್ತೀ ಏನು? ನಿಮ್ಮ ಸಾಹೇಬರಿಗೆ ಹೇಳಿ ಒಂದೀಟು ದನಿ ನಿಲ್ಲಸು."

"ಯಾಕ?"

"ಯಾಕ ಅಂತೀ? ಇಕಿಗೆ ಹೆಸರಿಡೋದು ಬ್ಯಾಡೇನು? ದವಾಖಾನಿಯಾಗ ಕೇಳಿದ್ರ ಕೂಸು ಅಂತ ಬರಸೀನಿ. ನಾಳಿ ಲಗ್ನಪತ್ರದಾಗೂ ಚಿರಂಜೀವಿ ಸೌಭಾಗ್ಯವತಿ ಕೂಸು ಅಂತ ಹಾಕಸ್ಲೇನು?"

ಅದು ಆ ಎರಡು ಊರುಗಳ ಪದ್ಧತಿ. ದುರಸ್ತಿಗೆಂದು ವರ್ಷಕ್ಕೆ ಕೆಲವು ಸಲ ಸುರಂಗದ ಬಾಗಿಲು ಇಳಿಸುತ್ತಿದ್ದರು. ಆಗ ಬೆಣಚಮರಡಿಯಲ್ಲೂ ಪಕ್ಕದ ಹುತ್ತಗೇರಿಯಲ್ಲೂ ಜಾರು ನಿಧಾನವಾಗಿ ದನಿ ನಿಂತುಹೋಗುತ್ತಿತ್ತು. ಮೊದಲ ಸಲ ಹಾಗಾದಾಗ, ನಮ್ಮಲ್ಲಷ್ಟೇ ನಿಂತಿತೋ ಅವರಲ್ಲೂ ನಿಂತಿತೋ ಎಂದು ಕೇಳಿ ಬರಲು ಎರಡೂ ಊರಿನ ಹೆಂಗಸರು ಹೊರಟರಂತೆ. ನಡುವಿನ ಬೋಳುಬಂಡೆಯ ಮೇಲೆ ಎದುರುಬದುರಾಗಿ, ಒಬ್ಬರ ಗಾಬರಿ ಮುಖ ಒಬ್ಬರು ನೋಡಿ ನಗು ತಡೆಯದೆ, ಸೆರಗಲ್ಲಿದ್ದ ಬೆಲ್ಲ ಹಂಚಿಕೊಂಡು, ದನಿ ಮರಳುವವರೆಗೆ ಅಲ್ಲೇ ಕೂತರಂತೆ. ಅಲ್ಲಿಂದ ಮುಂದೆ ದನಿ ನಿಂತಾಗಲೆಲ್ಲ ಹೋಗುವುದಾಯಿತು. ದನಿ ಕೂಡಿಸೋದು ಎಂದು ಅದಕ್ಕೆ ಹೆಸರಾಯಿತು. ಹೊಸ ಕೂಸಿದ್ದರೆ ದನಿ ಮರಳುವ ಗಳಿಗೆಯಲ್ಲೇ ಹೆಸರು ಕರೆಯುವುದೂ ಸೇರಿಕೊಂಡಿತು. ಈ ಸಲ ಕೂಸು ಹುಟ್ಟುವ ಮೊದಲಿಂದಲೂ ಬಾಗಿಲು ಇಳಿಸಿರಲಿಲ್ಲ.

"ಏನ್ ಹೆಸರು ಇಡ್ತೀ?"

"ಹೇಳಂಗಿಲ್ಲ. ಮೊದಲೇ ಹೇಳಿದ್ರ ಕೂಸಿಗೆ ಆಗಂಗಿಲ್ಲ," ಎಂದು ದ್ಯಾಮವ್ವ ತುಟಿ ಬಿಗಿದು, ಕಣ್ಣಲ್ಲಿ ನಕ್ಕಳು.

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಕೊಠಡಿಗೆ ಬಂದವಳೇ ಅಂಟಿನ ಗುಂಡಿಯನ್ನು ಸೊನ್ನೆಗೆ ತಂದಳು. ಇಷ್ಟು ವರ್ಷ ಯಾರೂ ಮಾಡದ ಕೆಲಸ. ಗೋಡೆ ಕೆಂಪಾಗುವುದೆಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ನೋಡಲು ಹೋಗಿರಲಿಲ್ಲ.

ಅವಳು ನೋಡಿದಳು. ದಿನವೂ ಒಂದೇ ಕಡೆಯಿಂದ ದೂಡಿದ್ದು ಸುರಂಗದೊಳಗೆ ಒಂದರ ಬೆನ್ನಿಗೊಂದು ಕೂಡಿ ದೊಡ್ಡ ಉಬ್ಬಾಗಿತ್ತು. ಉಬ್ಬಿನ ನೆತ್ತಿ ಬೇಗ ಓಡುತ್ತಿತ್ತು, ಅದರ ಮುಂದಿನ ತಗ್ಗು ಮೆಲ್ಲಗೆ ನಡೆಯುತ್ತಿತ್ತು.

ಅಜ್ಜಿ ಹೇಳುತ್ತಿದ್ದ ಒಂದು ಕಥೆಯಲ್ಲಿ ಒಂಬತ್ತು ಮಂದಿ ಅಕ್ಕತಂಗಿಯರು ಕೆರೆಯ ಏರಿಯ ಮೇಲೆ ಕೊಡ ಹೊತ್ತು ಬರುತ್ತಾರೆ. ಏರಿ ಒಂದೇ ಪಾದದಷ್ಟು ಅಗಲ. ಮುಂದಿನವಳ ಕೊಡ ತುಂಬಿದೆ, ಮೆಲ್ಲಗೆ ನಡೆಯುತ್ತಾಳೆ. ಹಿಂದಿನವಳ ಕೊಡ ಖಾಲಿ, ಹಾಡಿಕೊಂಡು ಓಡುತ್ತಾಳೆ. ಪಕ್ಕಕ್ಕೆ ಸರಿದು ದಾರಿ ಬಿಡಲು ಜಾಗವೇ ಇಲ್ಲ. ಆಮ್ಯಾಲೇನಾತು ಅಜ್ಜಿ ಎಂದರೆ, ಆಮ್ಯಾಲ ಕಥಿ ಇಲ್ಲ, ಮಕ್ಕೋ ಎನ್ನುತ್ತಿದ್ದಳು. ಹುಲಿಗೆಮ್ಮ ಮುಂದೆ ಓದಿದ ಗಣಿತವೂ ಅಷ್ಟೇ ಹೇಳಿತ್ತು. ಅಗಲವಿಲ್ಲದ ಕಡೆ ವೇಗವಾದದ್ದು ನಿಧಾನವಾದದ್ದನ್ನು ಹಿಡಿದೇ ಹಿಡಿಯುತ್ತದೆ. ಹಿಡಿದ ಗಳಿಗೆಯಲ್ಲಿ ಗೆರೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಏನೆಂದು ಕೇಳಿದರೆ ಸಮೀಕರಣಕ್ಕೆ ಮಾತಿಲ್ಲ.

ಮಾತಿಲ್ಲದಿದ್ದರೂ ಬಂಡೆಗೆ ಗೊತ್ತಿತ್ತು. ಉಂಗುರ ಕಟ್ಟುವ ಮೊದಲು ಮಾಡಿದ್ದ ಸಣ್ಣ ಪ್ರಯೋಗದ ಸುರಂಗದಲ್ಲಿ ಒಮ್ಮೆ ಜಾರು ಗೋಡೆಯಾಗಿ ಎದ್ದು ಸೂರಿಗೆ ಬಡಿದಿತ್ತಂತೆ. ಮೇಲಿನ ಬಂಡೆ ಹುರಿದ ಜೋಳದಂತೆ ಅರಳಿಹೋಯಿತೆಂದು ಹಳಬರು ಹೇಳುತ್ತಿದ್ದರು.

ಗೆರೆ ಆ ದಿನವೇ, ಹೊತ್ತು ವಾಲುವುದರೊಳಗೆ, ನೆಟ್ಟಗಾಗುತ್ತಿತ್ತು. ಅವಳು ಪರದೆಯ ಅಡಿಯ ಸಂಖ್ಯೆಯನ್ನು ನಕ್ಷೆಗೆ ಹೊಂದಿಸಿ ನೋಡಿದಳು. ಬೆಣಚಮರಡಿ.

ಮುಖ್ಯಸ್ಥ ರಾಚೋಟಿಯವರು ಉಂಗುರ ಕೊರೆಯುವಾಗಿನಿಂದ ಇದ್ದವರು, ನಿವೃತ್ತಿಗೆ ಹತ್ತಿರವಾದವರು. ಮೌಲಾಲಿ ಕರೆದದ್ದಕ್ಕೆ ಬಂದು ಪರದೆಯ ಮುಂದೆ ನಿಂತರು.

"ಇಷ್ಟು ವರ್ಷ ಅಂಟು ಹಾಕೀವಲ್ಲವ್ವಾ. ಏನೂ ಆಗಿಲ್ಲ."

"ಅಂಟು ಹೊಳಿಗೆ ಹಾಕಿಲ್ಲ ಸರ್. ನಮ್ಮ ಕಣ್ಣಿಗೆ ಹಾಕೀವಿ."

"ಇವತ್ತಿನ ದೂಡೋದು ನಿಲ್ಲಿಸಿದ್ರ?"

"ಉಬ್ಬು ಆಗಲೇ ಒಳಗದ. ಅದು ದಣಿಯಂಗಿಲ್ಲ."

"ಬಾಗಿಲು ಇಳಿಸಿದ್ರ?"

"ಮುಂದಿನ ಜಾರು ಇನ್ನಾ ನಿಧಾನ ಆಗ್ತದ. ಹಿಂದಿನ ಉಬ್ಬು ಇನ್ನಾ ಲಗೂನ ಬಂದು ಹಿಡೀತದ. ತಪ್ಪಸ್ಲಿಕ್ಕೆ ಆಗಂಗಿಲ್ಲ ಸರ್, ಮುಂಚೆ ತರಸ್ಲಿಕ್ಕಷ್ಟೇ..."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಬೇಕೆಂದು ಎದ್ದಳು, ಮತ್ತೆ ಕೂತಳು, ಕಡೆಗೆ ಕೂತಲ್ಲಿಂದಲೇ ಮಾಡಿದಳು.

"ಅಕ್ಕಾ, ಕೂಸಿನ್ನ ಕರಕೊಂಡು ಗುಡ್ಡ ಹತ್ತು. ಈಗಲೇ."

"ಯಾ ಗುಡ್ಡ? ಹುಚ್ಚು ಹಿಡದದೇನು ನಿನಗ? ಇಕಿ ಈಗರ ಮಲಗ್ಯಾಳ. ನಾ ಅನ್ನಕ್ಕ ಇಟ್ಟೀನಿ."

"ನಾ ಹೇಳಿದ್ದು ಕೇಳು."

"ಮುಂಚೆ ಯಾಕಂತ ಹೇಳು, ಆಮ್ಯಾಲ ಕೇಳ್ತೀನಿ."

ಯಾಕೆಂದು ಹೇಳಲು ಹೋದರೆ ಬಾಯಿಗೆ ಬಂದದ್ದು ಸಮೀಕರಣ. ಆಗಲೇ ರಾಚೋಟಿಯವರು ಅವಳ ಭುಜ ಮುಟ್ಟಿ ನಕ್ಷೆಯ ಕಡೆ ಬೆರಳು ಮಾಡಿದರು. ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟಳು.

"ಮುಂಚೆ ತರಸಬಹುದು ಅಂದ್ಯಲ್ಲ," ಎಂದರು. "ಉಬ್ಬು ಹುತ್ತಗೇರಿ ದಾಟಿ ಬೆಣಚಮರಡಿಗೆ ಬರಬೇಕು. ನಡುವ ಏನದ?"

"ಬೋಳುಬಂಡೆ."

"ಯಾರದ್ದರ ಮನಿ?"

"ಒಂದು ಗಿಡಾನೂ ಇಲ್ಲ ಸರ್."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳು ಲೆಕ್ಕಕ್ಕೆ ಕೂತಳು. ಬಾಗಿಲು ಹೆಚ್ಚು ಇಳಿಸಿದರೆ ಹುತ್ತಗೇರಿಯ ಅಡಿಯಲ್ಲಿ ಒಡೆಯುತ್ತದೆ, ಕಡಿಮೆ ಇಳಿಸಿದರೆ ಬೆಣಚಮರಡಿಯಲ್ಲೇ. ನಡುವಿನ ಸಂದು ಕೂದಲಿನಷ್ಟು. ಅವಳು ಅಂಟಿಲ್ಲದೆ ಮತ್ತೆ ಮತ್ತೆ ಗೆರೆ ಓಡಿಸಿದಳು. ಪ್ರತಿ ಸಲ ಗೋಡೆ ಕೆಂಪಾದಾಗಲೂ ಅದರ ಅಡಿಯ ಸಂಖ್ಯೆಯೊಂದನ್ನೇ ನೋಡಿದಳು. ಸಂಖ್ಯೆ ಹುತ್ತಗೇರಿಯಿಂದ ಸರಿಯಿತು, ಮತ್ತೆ ಸರಿಯಿತು, ಬೋಳುಬಂಡೆಯ ನಟ್ಟನಡುವೆ ಬಂದು ನಿಂತಿತು.

ಮೌಲಾಲಿ ಎರಡೂ ಕೈ ಮುಖಕ್ಕೆ ಸವರಿಕೊಂಡ. "ಯಾ ಅಲ್ಲಾ, ನೀವು ಹುಟ್ಟಿದ್ದು ಸಾರ್ಥಕ ಆತು ಮೇಡಂ."

"ಊರಾಗ ಸಾರಸಬೇಕಲ್ಲ ಸರ್?" ಎಂದಳು.

"ಏನಂತ ಸಾರಸ್ತೀ? ಊರು ಬಿಡ್ರಿ ಅಂದ್ರ ಯಾ ದಿಕ್ಕಿಗೆ ಓಡ್ತಾರೋ, ಯಾರು ಯಾರನ್ನ ತುಳೀತಾರೋ. ಮನ್ಯಾಗ ಇರೋರು ಮನ್ಯಾಗೇ ಇರಲಿ. ಬೋಳುಬಂಡಿ ಮ್ಯಾಲ ಯಾರಿದ್ದಾರ?"

ಅವಳಿಗೂ ಅದೇ ಸರಿಯೆನ್ನಿಸಿತು. ಪರದೆಯ ಮೇಲೆ ಬೋಳುಬಂಡೆ ಎಂಬುದು ಎರಡು ಸಂಖ್ಯೆಗಳ ನಡುವಿನ ಖಾಲಿ. ಬೆಳಗಿನಿಂದ ಅವಳು ನೋಡುತ್ತಿದ್ದುದು ಉದ್ದವನ್ನಷ್ಟೇ. ಮತ್ತೆ ಫೋನು ಹಚ್ಚಿದಳು.

"ಅಕ್ಕಾ, ಗುಡ್ಡ ಗಿಡ್ಡ ಏನೂ ಬ್ಯಾಡ. ಮನ್ಯಾಗ ಇರು. ಎಲ್ಲಾ ಚೊಲೊ ಆತು."

"ನಾ ಎಲ್ಲಿ ಹೊಂಟಿದ್ದೆ? ಅಳಲಿಕತ್ತೀ ಏನು ನೀ?"

"ಇಲ್ಲ. ನೆಗಡಿ."

"ಶುಂಠಿ ಕಷಾಯ ಕುಡಿ. ಒಗ್ಗರಣಿ ಹೊತ್ತಲಿಕತ್ತದ, ಇಡು."

ಬಾಗಿಲು ಇಳಿಯಿತು. ಮೌಲಾಲಿ ಸನ್ನೆಗೋಲನ್ನು ಅವಳು ಹೇಳಿದಷ್ಟೇ, ಉಸಿರು ಹಿಡಿದು ಇಳಿಸಿದ. ಕೆಳಗೆ ಎಲ್ಲೋ ಒಂದು ದೊಡ್ಡ ಪ್ರಾಣಿ ಮೈ ಮುರಿದಂತಾಯಿತು. ಚಕ್ರಗಳು ನಿಂತವು. ದೀಪ ಹೋಯಿತು, ಫ್ಯಾನು ಹೋಯಿತು, ಬ್ಯಾಟರಿಯ ಮೇಲೆ ಪರದೆಯೊಂದೇ ಉಳಿಯಿತು. ಗೆರೆ ಲೆಕ್ಕದಂತೆಯೇ ಸರಿಯುತ್ತಿತ್ತು. ಅದು ಒಡೆಯಲು ಒಂದು ಅಡುಗೆ ಮುಗಿಯುವಷ್ಟು ಹೊತ್ತಿತ್ತು.

ನೆಲದ ದನಿ ಮೆಲ್ಲಗೆ ಇಳಿದು ನಿಂತುಹೋಯಿತು.

ಹುಲಿಗೆಮ್ಮ ನಿರಾಳವಾಗಿ ಕುರ್ಚಿಗೆ ಒರಗಿದಳು. ಎಷ್ಟೋ ದಿನಗಳ ಮೇಲೆ ಬಂದ ಆ ಮೌನ ಹಿತವಾಗಿತ್ತು. ಮೈ ಹಗುರಾಯಿತು. ಏನೋ ಸಂಭ್ರಮ, ಎಲ್ಲಿಗೋ ಹೊರಡಬೇಕು ಎಂಬಂಥದ್ದು. ಅವಳ ಬಲಗಾಲು ಮೇಜಿನ ಅಡಿಯಲ್ಲಿ ಆಚೆ ಈಚೆ ತಡಕುತ್ತಿತ್ತು. ಏನು ಹುಡುಕುತ್ತಿದೆ ಎಂದು ಬಗ್ಗಿ ನೋಡಿದಳು.

ಕಾಲು ಚಪ್ಪಲಿ ಹುಡುಕುತ್ತಿತ್ತು.

"ಏನಾತ್ರಿ ಮೇಡಂ?" ಎಂದ ಮೌಲಾಲಿ.

ಅವಳು ಫೋನು ಹಚ್ಚಿದಳು. ಉಂಗುರದ ಕರೆಂಟು ಹೋದ ಮೇಲೆ ಟವರುಗಳೂ ಹೋಗಿದ್ದವು. "ಬಾಗಿಲು ಎತ್ರಿ," ಎಂದಳು. "ಎತ್ರಿ, ಎತ್ರಿ, ದನಿ ಬರಲಿ! ಹೆಣ್ಮಕ್ಕಳು ಬೋಳುಬಂಡಿಗೆ ಹೊಂಟಿರ್ತಾರ!" ಮೌಲಾಲಿ ಸನ್ನೆಗೋಲಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳೇ ಅವನ ಕೈ ಹಿಡಿದಳು. ಒಳಗೆ ಉಬ್ಬು ಆಗಲೇ ನೆಟ್ಟಗಾಗತೊಡಗಿತ್ತು. ಈಗ ಎತ್ತಿದರೆ ಒಡೆಯುವ ಜಾಗ ಹುತ್ತಗೇರಿಗೋ ಬೆಣಚಮರಡಿಗೋ ಜಾರುತ್ತಿತ್ತು. ಅಲ್ಲಿ ಒಲೆಯ ಮುಂದೆ ಕೂತ ಮುದುಕರು, ಶಾಲೆಯಲ್ಲಿ ಕೂತ ಮಕ್ಕಳು. ಏನು ಮಾಡಿದರೂ ಯಾರೋ ಇದ್ದರು. ಮಾದರಿಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಮೌಲಾಲಿಯ ಬೈಕಿನಲ್ಲಿ ಹೋದರು. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳುತ್ತಿದ್ದ. "ಖಾಲಿ ಅದ ಅಂದಿದ್ರಿ? ಖಾಲಿ ಅಂದಿದ್ರಲ್ರಿ?" ಅವಳು ಹಿಂದೆ ಕೂತು ಅವನ ಅಂಗಿಯನ್ನು ಹಿಡಿದಿದ್ದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವುದು ಮರೆತಿತ್ತು. ಅಕ್ಕ ಮನೆಯಲ್ಲೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅನ್ನ ಸೀಯಲಿ. ಕೂಸಿಗೆ ಜ್ವರ ಬರಲಿ. ನಿನ್ನೆ ಎಣ್ಣೆ ತಿಕ್ಕಿದ ಮೈಗೆ ಗಾಳಿ ತಾಗುತ್ತದೆಂದು ಯಾರಾದರೂ ತಡೆಯಲಿ.

ಬೋಳುಬಂಡೆಯ ಈಚೆಯ ದಿಬ್ಬ ಹತ್ತಿದಾಗ ಎಲ್ಲವೂ ಕಂಡಿತು.

ಹುತ್ತಗೇರಿಯ ಕಡೆಯಿಂದ ಒಂದು ಸಾಲು, ಬೆಣಚಮರಡಿಯ ಕಡೆಯಿಂದ ಒಂದು ಸಾಲು. ದಾರಿ ಒಬ್ಬರೇ ನಡೆಯುವಷ್ಟಿದ್ದುದರಿಂದ ಒಬ್ಬರ ಹಿಂದೊಬ್ಬರು. ಮುಂದಿನವರಾಗಲೇ ಕೂಡಿದ್ದರು, ಹಿಂದಿನವರು ಇನ್ನೂ ಬರುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಕೂಡಿದ್ದಲ್ಲವೆ, ಯಾರೂ ಮನೆಯಲ್ಲಿ ಉಳಿದಂತೆ ಕಾಣಲಿಲ್ಲ. ಬಂಡೆಯ ನಡುವೆ ಹಸಿರು ಸೀರೆ ಉಟ್ಟ ದ್ಯಾಮವ್ವ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ಯಾರೋ ಮುದುಕಿ ಕೂಸನ್ನು ಅವಳ ಕೈಯಿಂದ ಇಸಿದುಕೊಂಡು ಮುದ್ದಾಡುತ್ತಿದ್ದಳು.

ಮೌಲಾಲಿ ಹಾರ್ನು ಒತ್ತಿ ಹಿಡಿದ. ಕೆಳಗಿನವರು ತಲೆಯೆತ್ತಿ ನೋಡಿ ಕೈ ಬೀಸಿದರು. ಹುಲಿಗೆಮ್ಮ ಕೂಗಿದಳು. ಗಾಳಿ ಎದುರಿಗಿತ್ತು. ಓಡ್ರಿ ಎಂದದ್ದು ಬಾ ಎಂದಂತೆಯೋ ಬಂದೆ ಎಂದಂತೆಯೋ ಯಾರಿಗೆ ಗೊತ್ತು, ಅವರು ಮತ್ತೂ ಜೋರಾಗಿ ಕೈ ಬೀಸಿದರು.

ಆಗ ಕಾಲಡಿಯಲ್ಲಿ ದನಿ ಮರಳಿತು. ಹುತ್ತಗೇರಿಯ ದಿಕ್ಕಿನಿಂದ ಮೊದಲು ಸಣ್ಣಗೆ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬರುವ ಹಾಗೆ. ಬರಿಗಾಲಿಗೆ ಅದು ಸ್ಪಷ್ಟವಾಗಿ ತಿಳಿಯಿತು. ಇಷ್ಟು ಚೆಂದದ ದನಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೆಳಗೆ ಹೆಂಗಸರೆಲ್ಲ ಹೋ ಎಂದರು.

"ಬ್ಯಾಡ್ರಿ ಮೇಡಂ," ಎಂದು ಮೌಲಾಲಿ ಅವಳ ತೋಳು ಹಿಡಿದ. "ಇನ್ನ ಆಗಂಗಿಲ್ರಿ. ನಿಮ್ಮ ಕೈಲೆ ಆಗಂಗಿಲ್ಲ."

ಹುಲಿಗೆಮ್ಮ ತೋಳು ಕೊಸರಿಕೊಂಡು ದಿಬ್ಬ ಇಳಿದು ಓಡಿದಳು. ಕಲ್ಲು ಚುಚ್ಚಿತು, ಕಾಲು ಜಾರಿತು, ಕೈಯೂರಿ ಎದ್ದು ಮತ್ತೆ ಓಡಿದಳು. ಸೀರೆಗಳ ಬಣ್ಣಗಳು ಹತ್ತಿರವಾದವು. ಅಕ್ಕ ಮುದುಕಿಯ ಕೈಯಿಂದ ಕೂಸನ್ನು ತೆಗೆದುಕೊಂಡು ಇವಳ ಕಡೆ ತಿರುಗಿ ನಿಂತಳು. ಈಗ ಅವಳ ಮಾತು ಕೇಳುವಷ್ಟು ಹತ್ತಿರ.

"ಏ ಹುಲಿಗಿ, ಸಾವಕಾಶ ಬಾರೇ, ಬಿದ್ದೀ!" ಎಂದು ನಗುತ್ತ ಕೂಗಿದಳು ದ್ಯಾಮವ್ವ. "ನೀ ಬರೋತನಕ ಹೆಸರು ಕರಿಯಂಗಿಲ್ಲ."